ಆಲೂಗಡ್ಡೆ ಓದಲು ಯಾರ ಕೈಲಿ ಹೇಳಿಸಿದ್ರಿ?

ಆಗ ನಮ್ಮ ಕಡೆ ಎಲ್ಲರೂ ನಂಬಿದ್ದು ಇಷ್ಟೇ: ದೊಡ್ಡವರ ಕೈಲಿ ಒಂದು ಮಾತು ಹೇಳಿಸದೆ ಯಾರಿಗೂ ಏನೂ ಸಿಗುವುದಿಲ್ಲ. ಹಾಸ್ಟೆಲ್ ಸೀಟು, ಹೊಲದ ಟ್ರಾನ್ಸ್‌ಫಾರ್ಮರು, ಆಸ್ಪತ್ರೆಯಲ್ಲಿ ಮಂಚ, ಎಲ್ಲಕ್ಕೂ ಒಂದೇ ದಾರಿ. ಮಳೆಯೊಂದಕ್ಕೆ ಮಾತ್ರ ಯಾರ ಕೈಲಿ ಹೇಳಿಸಬೇಕೆಂದು ಗೊತ್ತಿರಲಿಲ್ಲ.

ಈ ನಂಬಿಕೆಯಿಂದ ಹುಟ್ಟುವ ಪ್ರಸಂಗಗಳು ಈಗಲೂ ನಿಂತಿಲ್ಲ. ಹೋದ ವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಗುರುತು ಹಿಡಿದರು. ‘ನೀವು ಫಾರಿನ್‌ನಲ್ಲಿ ಆಲೂಗಡ್ಡೆ ಓದಿದೋರಲ್ವಾ?’ ಎಂದರು. ಹೌದು ಎನ್ನುವಷ್ಟರಲ್ಲಿ ಹತ್ತಿರ ಸರಿದು, ದನಿ ತಗ್ಗಿಸಿ, ‘ಯಾರ್ ಕೈಲಿ ಹೇಳ್ಸುದ್ರಿ?’ ಎಂದು ಕೇಳಿದರು.

ವಿಷಯ ಇಷ್ಟು. ನಮ್ಮದು ಹಿರೀಸಾವೆ ಹತ್ತಿರದ ಒಂದು ಹಳ್ಳಿ. ಹಾಸನದಲ್ಲಿ ಕೃಷಿ ಪದವಿಯ ಕೊನೆಯ ವರ್ಷ ಓದುತ್ತಿದ್ದಾಗ, ಹಾಲೆಂಡಿನ ಒಂದು ವಿಶ್ವವಿದ್ಯಾಲಯ ಆಲೂಗಡ್ಡೆ ರೋಗಗಳ ಮೇಲೆ ಸ್ನಾತಕೋತ್ತರ ಪದವಿ ಮಾಡಲು ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತದೆ ಎಂದು ತಿಳಿಯಿತು. ಫೀಸು, ಊಟ, ವಸತಿ, ವಿಮಾನ, ಎಲ್ಲ ಅವರದೇ. ನಮ್ಮ ದೇಶಕ್ಕೆ ಒಂದೇ ಸೀಟು.

ನನಗೆ ಆ ಸೀಟು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಬೇಕಿತ್ತು: ಇದು ನನ್ನ ಮಗಳು ಸ್ವಂತ ಸಂಪಾದಿಸಿದ್ದು ಎಂದು ಅಪ್ಪ ಒಂದು ಸಲ ಒಪ್ಪಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಡೀ ಶಾಲೆಗೆ ಮೊದಲು ಬಂದಾಗ ಅಪ್ಪ ಹೇಳಿದ್ದು, ‘ಎಡ್ಮಾಷ್ಟ್ರು ನಮ್ಮ ನೆಂಟ್ರೇ ಅಲ್ವಾ.’

ಜಗಲಿ

ಚನ್ನರಾಯಪಟ್ಟಣದಲ್ಲಿ ಒಬ್ಬ ಲೀಡರ್ ಇದ್ದರು, ಎಲ್ಲರ ಬಾಯಲ್ಲೂ ‘ಅಣ್ಣಾರು’. ಬೆಳಗಾದರೆ ಅವರ ಮನೆಯ ಜಗಲಿ ತುಂಬ ಜನ. ಕಾಫಿ ಎಲ್ಲರಿಗೂ ಸಿಗುತ್ತಿತ್ತು, ಭರವಸೆಯೂ ಎಲ್ಲರಿಗೂ ಸಿಗುತ್ತಿತ್ತು. ಆ ಕಾಫಿ ಚೆನ್ನಾಗಿರುತ್ತಿತ್ತು ಎನ್ನುವುದನ್ನು ಒಪ್ಪಬೇಕು.

ನಾನು ಬೇಡವೆಂದರೂ ಅಪ್ಪ ಕರೆದುಕೊಂಡು ಹೋದ.

‘ಏನಪ್ಪಾ ಸಮಾಚಾರ?’

‘ಮಗಳ್ಗೆ ಒಂದು ಸೀಟ್ ಆಗ್ಬೇಕು ಸಾ.’

‘ಎಲ್ಲಿ?’

‘ಹಾಲೆಂಡು.’

ಮೈಸೂರು ಎಂದಿದ್ದರೆ ಹೇಗೆ ತಲೆಯಾಡಿಸುತ್ತಿದ್ದರೋ ಲೀಡರು ಹಾಗೆಯೇ ತಲೆಯಾಡಿಸಿದರು. ‘ಏನ್ ಓದಕ್ಕೆ?’

‘ಆಲೂಗಡ್ಡೆ ಸಾ.’

ಜಗಲಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅರ್ಧಕ್ಕರ್ಧ ಜನ ಆಲೂಗಡ್ಡೆ ಬೆಳೆಯುವವರೇ. ಅವರಲ್ಲೊಬ್ಬ ಮುದುಕ ನಿಜವಾದ ಕಾಳಜಿಯಿಂದ ಹೇಳಿದ: ‘ಅಲ್ಲ ಕಣವ್ವ, ಅದ್ಕ್ಯಾಕೆ ಅಷ್ಟು ದೂರ ಓಗ್ತೀಯ? ನಮ್ಮ ಒಲಕ್ಕೆ ಬಾ. ಕಳೆ ಕೀಳೋದ್ರಿಂದ ಇಡ್ದು ಎಲ್ಲಾ ಕಲಿಸ್ತೀನಿ. ಊಟನೂ ನಮ್ದೇ.’

ಅದು ನನಗೆ ಬಂದ ಮೊದಲ ಪೂರ್ತಿ ಸ್ಕಾಲರ್‌ಶಿಪ್.

ಲೀಡರು ಮಾತ್ರ ನಗಲಿಲ್ಲ. ‘ಆಯ್ತು, ಹೇಳ್ತೀನಿ ಬುಡು’ ಎಂದು ಮುಂದಿನವರ ಕಡೆ ತಿರುಗಿದರು.

ರಸ್ತೆಗೆ ಬಂದ ಮೇಲೆ ಕೇಳಿದೆ: ‘ಅಪ್ಪ, ಯಾರಿಗೆ ಹೇಳ್ತಾರೆ?’

‘ಅದೆಲ್ಲ ಕೇಳ್ಬಾರ್ದು ಕಣವ್ವ’ ಎಂದ ಅಪ್ಪ. ‘ಕೇಳುದ್ರೆ ಅನುಮಾನ ಪಟ್ಟಂಗಾಯ್ತದೆ.’

ಒಂದು ಪದ ಜಾಸ್ತಿ

ಹಾಲೆಂಡಿನವರಿಗೆ ಲೀಡರ ಮಾತು ಬೇಕಿರಲಿಲ್ಲ. ಪಾಠ ಹೇಳಿದವರ ಪತ್ರ ಬೇಕಿತ್ತು. ಅಪ್ಪನಿಗೆ ಇದು ಹುಡುಗಾಟವಾಗಿ ಕಂಡಿತು. ‘ಮೇಷ್ಟ್ರು ಮಾತ ಅವ್ರ ಮನೇಲೇ ಕೇಳಲ್ಲ.’

ಸಸ್ಯರೋಗಗಳ ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಕೇಳಿದೆ. ಅವರು ಎಲೆ ಅಂಗಮಾರಿ ರೋಗದ ಬಗ್ಗೆ ಹೇಳುವಾಗ ತಮ್ಮ ಮನೆಯವರೊಬ್ಬರಿಗೇ ಕಾಯಿಲೆ ಬಂದಂತೆ ಮುಖ ಮಾಡುತ್ತಿದ್ದರು. ಅಂಥ ಮೇಷ್ಟ್ರು ಆಮೇಲೆ ನನಗೆ ಎಲ್ಲಿಯೂ ಸಿಗಲಿಲ್ಲ, ಹಾಲೆಂಡಿನಲ್ಲೂ.

‘ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ’ ಎಂದರು. ಅವರು ಎಲ್ಲರಿಗೂ ಹಾಗೆಯೇ ಹೇಳುವುದು.

ತನ್ನನ್ನು ತಾನೇ ಹೊಗಳಿಕೊಂಡು ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟದ ಕೆಲಸ. ಮೂರು ಸಲ ಹರಿದು, ನಾಲ್ಕನೆಯದನ್ನು ತೆಗೆದುಕೊಂಡು ಹೋದೆ. ಮೇಷ್ಟ್ರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಪರಿಶ್ರಮಿ ಎಂಬಲ್ಲಿ ತಲೆಯಾಡಿಸಿದರು. ಶಿಸ್ತು ಎಂಬಲ್ಲಿ ತಲೆಯಾಡಿಸಿದರು. ‘ವೆರಿ ಇಂಟೆಲಿಜೆಂಟ್’ ಎಂಬಲ್ಲಿ ನಿಂತರು. ಪೆನ್ನು ತೆಗೆದು ‘ವೆರಿ’ಗೆ ಗೀಟು ಹಾಕಿದರು.

‘ಇದೊಂದು ಜಾಸ್ತಿ ಆಯ್ತು ಕಣಮ್ಮ’ ಎಂದು ಸೈನ್ ಹಾಕಿದರು.

ಅರಕಲಗೂಡಿನಲ್ಲಿ ಸಂದರ್ಶನ

ಸಂದರ್ಶನ ಆನ್‌ಲೈನಿನಲ್ಲಿ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಅರಕಲಗೂಡಿನಲ್ಲಿ ನನ್ನ ಸೋದರತ್ತೆಯ ಮನೆಗೆ ಹೊಸದಾಗಿ ಇಂಟರ್‌ನೆಟ್ ಬಂದಿತ್ತು. ಅಲ್ಲಿಗೆ ಹೋದೆ.

ಹೊರಗಿನವರು ಬಂದು ಹುಡುಗಿಗೆ ಪ್ರಶ್ನೆ ಕೇಳುವ ಕಾರ್ಯಕ್ರಮ ಅತ್ತೆಗೆ ಗೊತ್ತಿದ್ದುದು ಒಂದೇ. ಅದರಂತೆಯೇ ಏರ್ಪಾಡು ನಡೆದಿತ್ತು. ನಡುಮನೆ ಸಾರಿಸಿದ್ದಳು. ತನ್ನ ರೇಷ್ಮೆ ಸೀರೆ ಉಡಿಸಿದಳು, ಮಲ್ಲಿಗೆ ಮುಡಿಸಿದಳು. ಲ್ಯಾಪ್‌ಟಾಪಿಗೂ ಒಂದು ಹೂವಿಟ್ಟಳು.

‘ತಲೆ ಬಗ್ಸಿ ಕೂತ್ಕೊ. ಕೇಳಿದ್ದಕ್ಕಷ್ಟೇ ಹೇಳು. ನಗ್ಬೇಡ.’

‘ಅತ್ತೆ, ಅವರು ನನ್ನ ಮುಖ ನೋಡ್ಬೇಕು.’

‘ಅದ್ಕೇ ಕಣೆ ಹೇಳ್ತಿರೋದು.’

ಪರದೆಯ ಮೇಲೆ ಮೂವರು ಬಂದರು. ನಡುವೆ ಇದ್ದ ಬಿಳಿಗೂದಲಿನ ಪ್ರೊಫೆಸರ್ ಮರ್ಯಾದಸ್ಥ ಮನುಷ್ಯ. ನನ್ನ ಸೀರೆಯ ಬಗ್ಗೆ ಏನೂ ಕೇಳಲಿಲ್ಲ. ಆಲೂಗಡ್ಡೆಯನ್ನೇ ಏಕೆ ಆರಿಸಿಕೊಂಡಿರಿ ಎಂದರು. ನಾನು ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ಶುರು ಮಾಡಿದೆ.

ಹಿಂದೆ ಬಾಗಿಲಲ್ಲಿ ನಿಂತಿದ್ದ ಮಾವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ವರ್ಷ ಅವರು ಜಲಂಧರದ ಬಿತ್ತನೆ ಬೀಜ ತಂದು ಹಾಕಿದ್ದರು, ಗಿಡವೆಲ್ಲ ಕಪ್ಪಗಾಗಿ ಮಲಗಿತ್ತು. ಕೊಳೆತ ಗಡ್ಡೆಯೊಂದನ್ನು ಹಿಡಿದು ನೇರ ಕ್ಯಾಮೆರಾ ಮುಂದೆ ಬಂದರು.

‘ಸಾ, ನಮಸ್ಕಾರ. ಇದನ್ನೊಂಚೂರು ನೋಡಿ. ಪಕ್ಕದೊಲದೋನ ಕಣ್ಣು ಬಿದ್ದು ಇಂಗಾಯ್ತು ಅಂತ ನಾನು. ಬೀಜ ಸರಿಯಿಲ್ಲ ಅಂತ ನನ್ ಎಂಡ್ತಿ. ಯಾವ್ದು ನಿಜ?’

ನಾನು ನೆಲ ಬಾಯಿ ಬಿಡಲಿ ಎಂದು ಕಾದೆ. ನೆಲ ಸಾರಿಸಿತ್ತು, ಬಾಯಿ ಬಿಡಲಿಲ್ಲ. ಪ್ರೊಫೆಸರ್ ಮಾತ್ರ ಕುರ್ಚಿಯಿಂದ ಮುಂದೆ ಬಾಗಿ, ಇನ್ನೂ ಹತ್ತಿರ ಹಿಡಿಯಿರಿ ಎಂದರು. ಕತ್ತರಿಸಿ ತೋರಿಸಿ ಎಂದರು. ಅತ್ತೆ ಈಳಿಗೆಮಣೆ ತಂದಳು. ಉಳಿದ ಸಮಯವೆಲ್ಲ ಆ ಗಡ್ಡೆಗೇ ಹೋಯಿತು. ಮಾವ ಕೇಳುವುದು, ನಾನು ಅನುವಾದಿಸುವುದು, ಅವರು ಹೇಳುವುದು. ಕೊನೆಗೆ ಪ್ರೊಫೆಸರ್, ಇಷ್ಟು ದೂರದಿಂದ ಖಚಿತವಾಗಿ ಹೇಳಲಾರೆ, ಪರೀಕ್ಷೆ ಮಾಡಬೇಕು ಎಂದು ಕೈಮುಗಿದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮಾವ ಗಡ್ಡೆಯನ್ನು ಹಿತ್ತಲಿಗೆ ಎಸೆದು ಬಂದರು.

‘ಅವ್ರಿಗೂ ಗೊತ್ತಿಲ್ವಂತೆ’ ಎಂದರು. ‘ಅಲ್ಲೋಗಿ ನೀನೇನು ಕಲೀತೀಯವ್ವ?’

ಈಗ ಮಾವ ಆ ಹೊಲಕ್ಕೆ ಶುಂಠಿ ಹಾಕುತ್ತಾರೆ. ಆಲೂಗಡ್ಡೆ ಕಿತ್ತ ಹೊಲದ ಆ ಹಸಿ ಮಣ್ಣಿನ ವಾಸನೆ ಅವರ ಮನೆಯಲ್ಲಿ ಈಗಿಲ್ಲ.

ಸೀಲಿಲ್ಲ

ಒಂದು ದಿನ ಹಿರೀಸಾವೆಯಲ್ಲಿ ಬಸ್ಸಿಳಿದು, ರಸ್ತೆ ಬದಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಮೇಲ್ ಬಂತು. ಸೀಟು ನನಗೆ. ಟೀ ಆರಿಹೋಯಿತು. ಮನೆಗೆ ಹೇಗೆ ಹೋದೆನೋ ನೆನಪಿಲ್ಲ.

ಅವ್ವ ರಾಗಿ ಕೇರುತ್ತಿದ್ದಳು. ‘ನಾವೆಷ್ಟು ಕಟ್ಬೇಕು?’

‘ಏನೂ ಇಲ್ಲ.’

‘ಊಟ?’

‘ಅವರದೇ.’

‘ಇಮಾನ?’

‘ಅದೂ ಅವರದೇ.’

ಅವ್ವ ಮೊರ ಕೆಳಗಿಟ್ಟಳು. ‘ಓಗ್ಬ್ಯಾಡ ಕಣವ್ವ. ಕಿಡ್ನಿ ಕಿತ್ಕತಾರೆ.’

ಅಪ್ಪ ನಕ್ಕುಬಿಟ್ಟ. ಅವನಿಗೆ ಯಾವ ಅನುಮಾನವೂ ಇರಲಿಲ್ಲ. ‘ಅಣ್ಣಾರು ಹೇಳವ್ರೆ ಅಂದ್ಮ್ಯಾಲೆ ಕಿಡ್ನಿ ಮುಟ್ತಾರಾ?’

ಆದರೂ ಅವ್ವನ ಸಮಾಧಾನಕ್ಕೆ ಹೊಳೆನರಸೀಪುರದಿಂದ ದೊಡ್ಡಪ್ಪನನ್ನು ಕರೆಸಲಾಯಿತು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ಪ್ರಿಂಟ್ ತೆಗೆಸಿದ್ದ ಮೇಲನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂದೆ ತಿರುಗಿಸಿ ನೋಡಿದರು.

‘ಸೀಲೆಲ್ಲಿ?’

‘ಮೇಲಿಗೆ ಸೀಲ್ ಇರಲ್ಲ ದೊಡ್ಡಪ್ಪ.’

‘ಸೀಲ್ ಇಲ್ದಿರೋದು ಅದ್ಯಾವ ಆರ್ಡರ್ರು?’

ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದವರು ಮರುದಿನ ಗೆದ್ದ ಮುಖದಲ್ಲಿ ಬಂದರು. ಪರಿಚಯದ ಪಶುವೈದ್ಯರೊಬ್ಬರು ಗೆಜೆಟೆಡ್ ಅಧಿಕಾರಿ. ಅವರು ಹಾಲೆಂಡಿನ ಪತ್ರದ ಮೇಲೆ ‘ನಿಜ ಪ್ರತಿ’ ಎಂದು ಬರೆದು, ಸಹಿ ಹಾಕಿ, ದುಂಡನೆಯ ಸೀಲು ಒತ್ತಿದ್ದರು.

ಅವ್ವ ಅಂದು ರಾತ್ರಿ ನಿದ್ದೆ ಮಾಡಿದಳು.

ಹೂವಿನ ದೇಶ

ವಾರದೊಳಗೆ ಚನ್ನರಾಯಪಟ್ಟಣದಲ್ಲಿ ಲೀಡರ ಕಡೆಯವರು ಫ್ಲೆಕ್ಸ್ ಹಾಕಿದರು. ನಡುವೆ ಆಳೆತ್ತರದ ಲೀಡರು. ಸುತ್ತ ಹುಡುಗರ ತಲೆಗಳು. ಕೆಳಗಡೆ ಮೂಲೆಯಲ್ಲಿ, ಹಾಲ್ ಟಿಕೆಟ್ಟಿನ ಫೋಟೋದಲ್ಲಿ, ಬಂಧನಕ್ಕೊಳಗಾದವಳಂತೆ ನಾನು. ‘ಅಣ್ಣನವರ ಆಶೀರ್ವಾದದಿಂದ ವಿದೇಶಕ್ಕೆ’ ಎಂದಿತ್ತು. ನನ್ನ ಹಿಂದೆ ಐಫೆಲ್ ಗೋಪುರ.

ಆಶೀರ್ವಾದದ ಬಗ್ಗೆ ಯಾರನ್ನೂ ಕೇಳುವಂತಿರಲಿಲ್ಲ. ಗೋಪುರದ ಬಗ್ಗೆಯಾದರೂ ಕೇಳೋಣವೆಂದು ಫ್ಲೆಕ್ಸ್ ಅಂಗಡಿಗೆ ಹೋದೆ.

‘ಅದು ಪ್ಯಾರಿಸ್. ನಾನು ಹೋಗ್ತಿರೋದು ಹಾಲೆಂಡಿಗೆ.’

‘ಗೊತ್ತು ಕಣಕ್ಕ’ ಎಂದ ಅಂಗಡಿಯವನು ಬೇಸರದಿಂದ. ‘ಹಾಲೆಂಡ್ ಅಂತ್ಲೇ ಹುಡುಕ್ದೆ. ಬರೀ ಹೂವ ಬಂತು. ನಿಮ್ಮ ಫೋಟೋ ಸುತ್ತ ಅಷ್ಟು ಹೂವ ಹಾಕುದ್ರೆ ಭಾವಪೂರ್ಣ ಶ್ರದ್ಧಾಂಜಲಿ ಥರ ಕಾಣ್ತಿತ್ತು.’

ಮದುವೆಮನೆ

ಓದು ಮುಗಿಸಿ ಬಂದು ಹಾಸನದಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪನ ನಂಬಿಕೆ ಒಂದು ಕೂದಲಷ್ಟೂ ಅಲುಗಿರಲಿಲ್ಲ. ನಾನು ಹಾಲೆಂಡಿನ ಪ್ರಯೋಗಾಲಯದಲ್ಲಿ ಚಳಿಗೆ ಬೆರಳು ಮರಗಟ್ಟಿ ಕೂತಿದ್ದಾಗಲೂ ಫೋನಿನಲ್ಲಿ, ‘ಅಣ್ಣಾರು ಮಾತು ಉಳಸ್ಕೊ ಕಣವ್ವ’ ಎನ್ನುತ್ತಿದ್ದ.

ಒಮ್ಮೆ ಚನ್ನರಾಯಪಟ್ಟಣದ ಒಂದು ಮದುವೆಗೆ ಇಬ್ಬರೂ ಹೋದೆವು. ಲೀಡರು ಬಂದಿದ್ದರು. ವಯಸ್ಸಾಗಿತ್ತು. ಸುತ್ತ ಜನ ಇರಲಿಲ್ಲ. ಕುರ್ಚಿಯ ಮೇಲೆ ಒಬ್ಬರೇ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅಪ್ಪ ನನ್ನನ್ನು ಅವರ ಮುಂದೆ ನಿಲ್ಲಿಸಿದ.

‘ಕಾಲಿಗೆ ಬೀಳವ್ವ. ನನ್ನ ಮಗ್ಳು ಸಾ. ಹಾಲೆಂಡಲ್ಲಿ ಓದ್ಕಂಡು ಬಂದ್ಲಲ್ಲ.’

ಲೀಡರ ಕಣ್ಣು ಅರಳಿತು. ನನ್ನ ಕೈ ಹಿಡಿದು ಪಕ್ಕದ ಕುರ್ಚಿಗೆ ಎಳೆದುಕೊಂಡರು. ಆಚೀಚೆ ನೋಡಿ ದನಿ ತಗ್ಗಿಸಿದರು.

‘ನನ್ನ ಮೊಮ್ಮಗ ಅಲ್ಲಿಗೆ ಅರ್ಜಿ ಆಕವ್ನೆ ಕಣವ್ವ. ನೀವು ಯಾರ್ ಕೈಲಿ ಹೇಳ್ಸುದ್ರಿ?’

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ‘ತಾವೇ ಹೇಳುದ್ರಲ್ವಾ ಸಾ?’

‘ನಾನಾ?’ ಲೀಡರು ಮನಸಾರೆ ನಕ್ಕರು. ‘ಹಾಲೆಂಡಲ್ಲಿ ನಂಗ್ಯಾರ್ಲಾ ಗೊತ್ತು?’

ಊಟದಲ್ಲಿ ಎರಡನೇ ಸಲ ಪಾಯಸ ಬಂದದ್ದನ್ನೂ ಅಪ್ಪ ನೋಡಲಿಲ್ಲ. ಬಸ್ಸು ಊರು ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದ:

‘ಅಂಗಾರೆ ಯಾರೂ ಹೇಳೇ ಇಲ್ವಾ?’

‘ಇಲ್ಲ ಅಪ್ಪ.’

‘ನೀನೇ ತಗಂಡಿದ್ದಾ?’

‘ಹೂಂ.’

ಅಪ್ಪ ಕಿಟಕಿಯಿಂದ ಮುಖ ತಿರುಗಿಸಿದ. ಪಕ್ಕದ ಸೀಟಿನಲ್ಲಿ ಯಾರೋ ಅಪರಿಚಿತರು ತೂಕಡಿಸುತ್ತಿದ್ದರು. ಅವರ ಭುಜ ಅಲುಗಿಸಿ ಎಬ್ಬಿಸಿದ.

‘ನೋಡಿ ಸಾ, ನನ್ನ ಮಗ್ಳು. ಫಾರಿನ್‌ನಲ್ಲಿ ಓದವ್ಳೆ, ಒಂದ್ ಪೈಸೆ ಕಟ್ಟಿಲ್ಲ. ಯಾರ್ ಕೈಲೂ ಹೇಳ್ಸಿಲ್ಲ.’

ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ‘ಸುಮ್ಕಿರಿ ಯಜಮಾನ್ರೇ. ಹೇಳಿಸ್ದೆ ಎಲ್ಲಾದ್ರೂ ಆಯ್ತದಾ?’

ಅಪ್ಪ ಹಿರೀಸಾವೆ ಬರುವವರೆಗೂ ಅವರ ಜೊತೆ ಜಗಳ ಆಡಿದ. ‘ಇವ್ಳ ತಲೆ ಕಣ್ರೀ, ತಲೆ’ ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಇಷ್ಟು ವರ್ಷ ನನಗೆ ಬೇಕಿದ್ದುದು ಅದೇ ಮಾತು.

ಹಾಲೆಂಡಿನಿಂದ ಹೊರಡುವ ಹಿಂದಿನ ದಿನ ಆ ಬಿಳಿಗೂದಲಿನ ಪ್ರೊಫೆಸರ್ ನನಗೆ ಕಾಫಿ ಕೊಡಿಸಿ ಒಂದು ವಿಷಯ ಹೇಳಿದ್ದರು. ಅದನ್ನು ಆ ಬಸ್ಸಿನಲ್ಲಿ ಹೇಳುವ ಮನಸ್ಸಾಗಲಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ಆ ಸೀಟಿಗೆ ಅರ್ಜಿ ಹಾಕಿದ್ದು ನಾನೊಬ್ಬಳೇ.