ಬೊರಿವಲಿಯ ಷೋಕೇಸಿನ ನೀಲಿ ಗೌನು

ಹೆಣ್ಣು ನೋಡಲು ಹೋದಾಗ ಗಂಡಿನ ಕಡೆಯಿಂದ ಹೇಗೆ ಮಾತಾಡಬೇಕು ಎಂಬುದನ್ನು ನನ್ನಷ್ಟು ಬಲ್ಲವರು ಇಡೀ ಮುಂಬಯಿಯಲ್ಲಿ ಇನ್ನೊಬ್ಬರಿಲ್ಲ. ಹೋದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ತನಕ ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ನಮ್ಮಲ್ಲಿ ಸೋದರಮಾವ ಬಾಯಿ ತೆರೆಯದೆ ಮದುವೆ ಮಾತು ಮುಂದೆ ಹೋಗುವುದಿಲ್ಲ. ನನ್ನ ಅಕ್ಕ ವಾರಿಜಳ ಮಗ ಪ್ರಶಾಂತನಿಗೆ ಬೊರಿವಲಿಯಲ್ಲಿ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿಯ ಹೆಸರು ರಕ್ಷಾ. ಅವಳ ಅಪ್ಪ ಭಾಸ್ಕರಣ್ಣನಿಗೆ ಸ್ಟೇಷನ್ ಹತ್ತಿರವೇ ಹೋಟೆಲು. ಹುಡುಗ, ಹುಡುಗಿ ಅದಾಗಲೇ ನಾಲ್ಕೈದು ಸಲ ಕಾಫಿ ಕುಡಿದು ಪರಸ್ಪರ ಒಪ್ಪಿಯೂ ಆಗಿತ್ತು. ನಮ್ಮದು ಹೋಗಿ ಮುದ್ರೆ ಒತ್ತಿ ಬರುವ ಕೆಲಸ, ಅಷ್ಟೆ.

"ನೀನು ಎರಡು ಮಾತು ಆಡಿದರೆ ಸಾಕು ಮಾರಾಯ," ಎಂದಳು ಅಕ್ಕ.

ಎರಡು ಮಾತಂತೆ! ಫೋರ್ಟಿನ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವನು, ಬೀಳ್ಕೊಡುಗೆ ಸಮಾರಂಭಗಳ ಖಾಯಂ ಭಾಷಣಕಾರ ನಾನು. ವರದಕ್ಷಿಣೆಯನ್ನು ಖಂಡಿಸುವ ಭಾಷಣವೊಂದನ್ನು ಕನ್ನಡಿಯ ಮುಂದೆ ನಿಂತು ಮೂರು ದಿನ ಅಭ್ಯಾಸ ಮಾಡಿದೆ. ಹೆಂಡತಿ ಸುಮತಿ ಕುಕ್ಕರಿನ ಸೀಟಿಯ ನಡುವೆಯೇ ಅದನ್ನು ಆರು ಸಲ ಕೇಳಬೇಕಾಯಿತು.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಿಬಿಡಬೇಕು. ನಾನು ಗೊಂಬೆ ಸಂಗ್ರಹಿಸುತ್ತೇನೆ. ನಗಬೇಡಿ. ಮಣ್ಣಿನ ಗೊಂಬೆ, ಮರದ ಗೊಂಬೆ ಅಲ್ಲ. ಅವುಗಳ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ. ನನ್ನದು ಹಳೆಯ ವಿದೇಶಿ ಫ್ಯಾಶನ್ ಗೊಂಬೆಗಳು. ಗೌನು, ಕೈಗವಸು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಗೇಣುದ್ದ ನಿಲ್ಲುವ ಮಹಿಳೆಯರು. ಮದುವೆಗೆ ಮೊದಲೇ ಹಿಡಿದ ಹುಚ್ಚು ಇದು. ಚೆಂಬೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಬ್ಬಿಣದ ಕಪಾಟಿನಲ್ಲಿ ಅವರಿದ್ದಾರೆ. ಸುಮತಿಯ ಸೀರೆಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿವೆ. ಬೇರೆ ಸಂಗ್ರಾಹಕರೂ ಈ ಊರಲ್ಲಿದ್ದಾರೆ. ಮುಖ್ಯವಾಗಿ ಮೂರು ಜನ. ಮೂವರೂ ಮೂರ್ಖರು! ಒಬ್ಬ ಗೊಂಬೆಯ ಕೂದಲನ್ನು ಶ್ಯಾಂಪೂ ಹಾಕಿ ತೊಳೆಯುತ್ತಾನೆ. ಇನ್ನೊಬ್ಬಳು ತಾನೇ ಲಂಗ ಹೊಲಿದು ತೊಡಿಸಿ ಅದನ್ನೇ ಅಸಲಿ ಎನ್ನುತ್ತಾಳೆ. ಮೂರನೆಯವನ ಬಗ್ಗೆ ಮಾತಾಡಿ ನನ್ನ ಬಾಯಿ ಕೆಡಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ನನ್ನ ಬಳಿ ಇಲ್ಲದ್ದು ಒಂದೇ ಒಂದು. ಓರೆನೋಟದ, ತಾಮ್ರದ ಬಣ್ಣದ ಕೂದಲಿನ, ಕಡುನೀಲಿ ಗೌನಿನ ಗೊಂಬೆ. ಆಮೇಲಿನ ವರ್ಷಗಳಲ್ಲಿ ತಯಾರಾದ ಗೊಂಬೆಗಳೆಲ್ಲ ಬೆಪ್ಪಾಗಿ ನೇರ ನೋಡುತ್ತವೆ. ಇದು ಮಾತ್ರ ಓರೆಗಣ್ಣಲ್ಲಿ, ನೋಡುವವನ ಯೋಗ್ಯತೆ ಅಳೆದವಳ ಹಾಗೆ ನೋಡುತ್ತದೆ. ಹದಿನೆಂಟು ವರ್ಷದಿಂದ ಹುಡುಕುತ್ತಿದ್ದೆ. ಹಳೆ ಸಾಮಾನಿನ ಅಂಗಡಿಯವರು ನನ್ನನ್ನು ದೂರದಿಂದಲೇ ಕಂಡು "ನಹೀ ಹೈ, ಸಾಬ್" ಎಂದು ಕೈಯಾಡಿಸುತ್ತಿದ್ದರು.

ಸರಿ, ಭಾನುವಾರ ನಾವು ನಾಲ್ವರು ಬೊರಿವಲಿಯ ಹನ್ನೆರಡನೇ ಮಾಳಿಗೆ ಹತ್ತಿದೆವು. ಭಾಸ್ಕರಣ್ಣ, ಅವರ ಹೆಂಡತಿ, ಮುದಿ ತಾಯಿ, ಎಲ್ಲರೂ ಬಾಗಿಲಲ್ಲೇ ಕೈ ಮುಗಿದರು. ಅವಲಕ್ಕಿ, ಶೀರಾ, ಕಾಫಿ ಬಂತು. ನಾನು ಗಂಟಲು ಸರಿ ಮಾಡಿಕೊಂಡು ಎದ್ದು ನಿಂತೆ. ಕೂತು ಮಾತಾಡುವ ಜಾಗದಲ್ಲಿ ಎದ್ದು ನಿಂತದ್ದು ಮೊದಲ ತಪ್ಪು, ಬಿಡಿ.

"ಮಾನ್ಯರೇ," ಎಂದೆ. "ನಮಗೆ ಹೆಣ್ಣೊಂದು ಸಾಕು. ಚಿನ್ನ ಬೇಡ, ಬೆಳ್ಳಿ ಬೇಡ. ನಿಮ್ಮ ಮನೆಯ ಒಂದು ಸೂಜಿಯೂ ನಮಗೆ ಬೇಡ. ಕೇಳುವವರು ಭಿಕ್ಷುಕರು! ಅಂಥವರ ಮುಖಕ್ಕೆ..."

ಅಲ್ಲಿಗೆ ನಿಂತಿತು. ಯಾಕೆಂದರೆ ಅವರ ಹಾಲ್‌ನಲ್ಲಿದ್ದ ಷೋಕೇಸ್ ನನ್ನ ಕಣ್ಣಿಗೆ ಬಿತ್ತು. ಮುಂಬಯಿಯ ನಮ್ಮವರ ಮನೆಯ ಷೋಕೇಸ್ ಬಗ್ಗೆ ನನಗೆ ಎಂದೂ ಗೌರವವಿಲ್ಲ. ಪ್ಲಾಸ್ಟಿಕ್ ಹೂವು, ಯಾರೋ ಕೊಟ್ಟ ಟ್ರೋಫಿ, ಎಂದೂ ಬಳಸದ ಟೀ ಸೆಟ್ಟು! ಆದರೆ ಇವರ ಎರಡನೇ ಹಲಗೆಯಲ್ಲಿ, ಟೀ ಸೆಟ್ಟಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರನ್ನೂ ತೆಗೆಯದೆ ನಿಲ್ಲಿಸಿದ್ದ ಕಡುನೀಲಿ ಗೌನು. ತಾಮ್ರದ ಕೂದಲು. ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಾಳೆ!

"ಅಂಥವರ ಮುಖಕ್ಕೆ?" ಎಂದು ಭಾಸ್ಕರಣ್ಣ ವಿನಯದಿಂದ ನೆನಪಿಸಿದರು.

"ಅದು ಎಲ್ಲಿಂದ ಬಂತು?" ಎಂದೆ ನಾನು.

"ಎಂಥದ್ದು?"

"ಅದು! ಆ ನೀಲಿ!"

ಎಲ್ಲರೂ ತಿರುಗಿ ನೋಡಿದರು. ಸುಮತಿ ಮಾತ್ರ ತಿರುಗಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

"ಓ ಅದಾ," ಎಂದರು ಭಾಸ್ಕರಣ್ಣ. "ನನ್ನ ಅಪ್ಪ ಹಡಗಿನಲ್ಲಿ ಅಡುಗೆಯವರಾಗಿದ್ದರು. ಯಾವುದೋ ಬಂದರಿನಿಂದ ತಂದದ್ದು. ಈಗ ರಕ್ಷಾಳದ್ದು. ಅಜ್ಜ ಅಂದರೆ ಅವಳಿಗೆ ಪ್ರಾಣ."

ಆ ಕೊನೆಯ ಎರಡು ವಾಕ್ಯ ನನ್ನ ಕಿವಿಗೆ ಬಿದ್ದವು. ತಲೆಗೆ ಹೋಗಲಿಲ್ಲ. ನಾನು ಅದಾಗಲೇ ಷೋಕೇಸಿನ ಮುಂದೆ ಮಂಡಿಯೂರಿದ್ದೆ. ಗಾಜಿನ ಬಾಗಿಲು ವರ್ಷಗಳಿಂದ ತೆರೆಯದೆ ಹಿಡಿದುಕೊಂಡಿತ್ತು. ಜೋರಾಗಿ ಜಗ್ಗಿದೆ. ಬಾಗಿಲು ಬಂತು. ಟೀ ಸೆಟ್ಟಿನ ಎರಡು ಕಪ್ಪುಗಳೂ ಬಂದವು. "ಪರವಾಗಿಲ್ಲ, ಪರವಾಗಿಲ್ಲ," ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ!

ಈ ಗೊಂಬೆಗಳು ಅಸಲಿಯೋ ನಕಲಿಯೋ ಎಂದು ತಿಳಿಯಲು ಒಂದೇ ದಾರಿ. ತಯಾರಿಸಿದವರ ಗುರುತು ಸೊಂಟದ ಕೆಳಗೆ, ಹಿಂಬದಿಯಲ್ಲಿ ಇರುತ್ತದೆ. ಜಗತ್ತಿನ ಎಲ್ಲ ಸಂಗ್ರಾಹಕರೂ ಮಾಡುವುದನ್ನೇ ನಾನೂ ಮಾಡಿದೆ. ಭಾವೀ ಬೀಗರು ಸುತ್ತ ನಿಂತಿರುವಾಗ, ಕನ್ನಡಕ ಹಣೆಗೇರಿಸಿ, ಗೊಂಬೆಯ ಪ್ಲಾಸ್ಟಿಕ್ ಕವರು ಕಿತ್ತು, ತಲೆಕೆಳಗು ಮಾಡಿ, ಗೌನು ಎತ್ತಿ ನೋಡಿದೆ!

ಅಜ್ಜಿ "ಅಯ್ಯೋ ದೇವರೇ!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಪ್ರಶಾಂತ ಶೀರಾದ ತಟ್ಟೆಯನ್ನೇ ನೋಡುತ್ತ ಕೂತ. ಅಕ್ಕ ತುಳುವಿನಲ್ಲಿ ಏನೋ ಗೊಣಗಿದಳು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಸಲಿ! ಗುರುತು ಉಂಟು, ಅಕ್ಷರಗಳು ಸ್ಪಷ್ಟ! ನನ್ನ ಕಣ್ಣಲ್ಲಿ ನೀರೇ ಬಂತು. ಸ್ವಂತ ಮದುವೆಯಲ್ಲೂ ಇಷ್ಟು ಖುಷಿಯಾಗಿತ್ತೋ ಇಲ್ಲವೋ, ದೇವರಾಣೆಗೂ ಗೊತ್ತಿಲ್ಲ. ಆ ಭಾವಾವೇಶದಲ್ಲಿಯೇ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ಮದುವೆಯಲ್ಲಿ ಹುಡುಗನ ಸೋದರಮಾವನಿಗೆ ಶಾಲು ಹೊದೆಸಿ ಮರ್ಯಾದೆ ಮಾಡುವುದುಂಟಲ್ಲ? ಆ ಶಾಲು ಯಾರಿಗೆ ಬೇಕು! ಇಂಥ ಹನ್ನೊಂದು ಶಾಲು ಮನೆಯಲ್ಲಿ ಕೊಳೆಯುತ್ತಿವೆ.

"ಭಾಸ್ಕರಣ್ಣ," ಎಂದೆ, "ನನಗೆ ಮರ್ಯಾದೆಯ ಶಾಲು ಬೇಡ. ಅದರ ಬದಲಿಗೆ ಇದನ್ನು ಕೊಟ್ಟುಬಿಡಿ."

ಕೆಳಗಿನ ರಸ್ತೆಯ ರಿಕ್ಷಾಗಳು ಹನ್ನೆರಡನೇ ಮಾಳಿಗೆಗೆ ಕೇಳಿಸಿದವು.

"ಮಗಳನ್ನು ಒಂದು ಮಾತು ಕೇಳಬೇಕು," ಎಂದರು ಭಾಸ್ಕರಣ್ಣ, ತಗ್ಗಿದ ದನಿಯಲ್ಲಿ.

"ಅವಳನ್ನೇನು ಕೇಳುವುದು? ಮದುವೆಯಾಗಿ ಹೋಗುವ ಹುಡುಗಿಗೆ ಗೊಂಬೆ ಯಾಕೆ?" ಎಂದೆ. ಐವತ್ತೇಳು ವರ್ಷದವನಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ. "ಬೇಕಾದರೆ ಮದುವೆ ಹಾಲ್‌ನ ಖರ್ಚು ಪೂರ್ತಿ ನಮ್ಮದು! ಏನಕ್ಕಾ?"

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಅವಲಕ್ಕಿ ಮತ್ತೊಮ್ಮೆ ಹುರಿದು ಬರುತ್ತಿತ್ತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ರಕ್ಷಾ ಬಂದಳು. ಬೊರಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಡೆತಡೆದು ಬರುತ್ತದೆ. ಆದರೆ ಏನು ಹೇಳಬೇಕೋ ಅದಕ್ಕೆ ಬೇಕಾದಷ್ಟು ಧಾರಾಳವಾಗಿ ಬರುತ್ತದೆ ಎಂದು ಆವತ್ತು ತಿಳಿಯಿತು.

"ಅಂಕಲ್, ನೀವು ಅಭೀ ಹೇಳಿದ್ರಿ, ಸೂಜಿ ಕೂಡ ಬೇಡ ಅಂತ. ಕೇಳುವವರು ಏನು ಅಂದ್ರಿ?"

ನಾನು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡೆ.

"ಭಿಕ್ಷುಕರು ಅಂದ್ರಿ," ಎಂದಳು. "ಇದು ದಹೇಜ್, ವರದಕ್ಷಿಣೆ ಅಲ್ವಾ? ಸೋಫಾ ಕೇಳಿದ್ರೆ ದಹೇಜ್, ಗೊಂಬೆ ಕೇಳಿದ್ರೆ ಪ್ರೀತಿನಾ?"

"ಛೆ ಛೆ, ಮಗಳೇ, ಇದು ಕಲಾವಸ್ತು!" ಎಂದೆ, ಗೊಂಬೆಯನ್ನು ಎದೆಗೆ ಒತ್ತಿಕೊಂಡು.

"ಠೀಕ್ ಹೈ." ಅವಳು ನನ್ನೆದುರು ಬಂದು ಕೈ ಕಟ್ಟಿ ನಿಂತಳು. "ನಿಮ್ಮ ಮನೆಗೆ ಗೊಂಬೆ ಬರುತ್ತೆ, ಇಲ್ಲಾ ನಾನು ಬರ್ತೇನೆ. ಇಬ್ಬರೂ ಬರೋದಿಲ್ಲ. ಯಾರು ಬೇಕು, ನೀವೇ ಹೇಳಿ ಅಂಕಲ್. ಮಾತಾಡುವವರು ನೀವೇ ಅಲ್ವಾ?"

ಉತ್ತರ ಏನೆಂದು ಎಳೆ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಅಳಿಯನ ಬಾಳು ನನ್ನ ನಾಲಗೆಯ ತುದಿಯಲ್ಲಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸುಮತಿಯೂ ಕಣ್ಣು ತೆರೆದಿದ್ದಳು. ನಾನು ಗೊಂಬೆಯ ಮುಖ ನೋಡಿದೆ. ಹುಡುಗಿಯ ಮುಖ ನೋಡಿದೆ. ಮತ್ತೆ ಗೊಂಬೆಯ ಮುಖ ನೋಡಿದೆ.

ಯೋಚಿಸಿದೆ. ಹೌದು, ಯೋಚಿಸಿದೆ!

"ಮಾವಾ!" ಎಂದು ಗುಡುಗಿದ್ದು ಪ್ರಶಾಂತ. ಹುಟ್ಟಿದಂದಿನಿಂದ ನನ್ನೆದುರು ಸ್ವರ ಎತ್ತಿದವನಲ್ಲ. ಎದ್ದು ಬಂದ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗೊಂಬೆಯನ್ನು ತೆಗೆದುಕೊಂಡ, ಅದರ ಗೌನು ಸರಿ ಮಾಡಿ ರಕ್ಷಾಳ ಕೈಗೆ ಕೊಟ್ಟ. "ಇನ್ನು ನಮ್ಮ ಕಡೆಯಿಂದ ಮಾತಾಡೋದು ನಾನು. ಸಾರಿ, ರಕ್ಷಾ."

ಅವಳು ಅವನನ್ನು ನೋಡಿ ನಕ್ಕಳು. ಭಾಸ್ಕರಣ್ಣ ಉಸಿರು ಬಿಟ್ಟರು. ಅಕ್ಕ ಬಾಯಿ ತುಂಬ ಕ್ಷಮೆ ಕೇಳಿದಳು. ಐದೇ ನಿಮಿಷದಲ್ಲಿ ಎಲ್ಲ ಒಪ್ಪಿಗೆಯಾಗಿ, ಎಲ್ಲರೂ ಸಿಹಿ ತಿನ್ನಲು ಊಟದ ಮೇಜಿನ ಕಡೆ ಹೋದರು.

"ಹುಡುಗಿ," ಎಂದೆ ನಾನು, ಷೋಕೇಸಿನ ಮುಂದೆ ಒಬ್ಬನೇ. ಸರಿಯಾದ ಉತ್ತರವನ್ನೇ ಕೊಟ್ಟೆ. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ವಾಪಸು ಬರುವಾಗ ಅಕ್ಕ, ಪ್ರಶಾಂತ ಟ್ಯಾಕ್ಸಿ ಹಿಡಿದರು. ಅದರಲ್ಲಿ ಜಾಗವಿಲ್ಲ ಎಂದರು. ಇಬ್ಬರು ಕೂತ ಟ್ಯಾಕ್ಸಿಯಲ್ಲಿ! ನಾನು, ಸುಮತಿ ಲೋಕಲ್ ಹತ್ತಿದೆವು. ಭಾನುವಾರವಾದ್ದರಿಂದ ಕಿಟಕಿ ಬದಿಯ ಸೀಟು ಸಿಕ್ಕಿತು. ಮಲಾಡ್ ದಾಟಿತು, ಗೋರೆಗಾಂವ್ ದಾಟಿತು, ಅವಳು ಒಂದಕ್ಷರ ಮಾತಾಡಲಿಲ್ಲ. ಬೈಯಬಾರದೇ ಎಂದು ನನಗೇ ಅನಿಸತೊಡಗಿತು. ನಾಚಿಕೆಯಿಂದ ನನ್ನ ಕಿವಿ ಇನ್ನೂ ಬಿಸಿಯಾಗಿಯೇ ಇತ್ತು.

ಅಂಧೇರಿಯಲ್ಲಿ ಅವಳು ಬಾಯಿ ತೆರೆದಳು.

"ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು. ನನ್ನನ್ನು ನೋಡ್ಲಿಕ್ಕೆ ಮುಲುಂಡಿಗೆ ಬಂದಿದ್ರಲ್ಲ, ಆವತ್ತು ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ?"

ಇಷ್ಟೇನಾ! ಎದೆ ಹಗುರಾಯಿತು. ಇಪ್ಪತ್ತೆಂಟು ವರ್ಷವಾದರೂ ಆ ದಿನದ ಚಿತ್ರ ನನ್ನ ಕಣ್ಣ ಮುಂದೆ ಹಾಗೆಯೇ ಇದೆ.

"ಹಸಿರು!" ಎಂದೆ ತಟ್ಟನೆ. "ಗಿಳಿ ಹಸಿರು. ಅಂಚಿನಲ್ಲಿ ಸಣ್ಣ ಬಿಳಿ ಲೇಸು. ಹೇಗೆ ಮರೀತೇನೆ ಹೇಳು?"

ಸುಮತಿ ಕಿಟಕಿಯ ಕಡೆ ತಿರುಗಿ ಕೂತಳು. ನೆನಪಿನ ಶಕ್ತಿಗೆ ಮಾರುಹೋಗಿದ್ದಾಳೆ ಎಂದುಕೊಂಡು ನಾನು ಮೀಸೆ ನೇವರಿಸುತ್ತ ಬಾಂದ್ರಾ ದಾಟಿದೆ, ಮಾಹಿಮ್ ದಾಟಿದೆ.

ದಾದರಿನಲ್ಲಿ ಇಳಿಯಲು ಎದ್ದು ನಿಂತಾಗ ನೆನಪಾಯಿತು. ಲೇಸಿನ ಅಂಚಿನ ಗಿಳಿ ಹಸಿರು ಗೌನು ಹಾಕಿಕೊಂಡಿದ್ದದ್ದು ಮುಲುಂಡಿನ ಅವಳ ತವರುಮನೆಯ ಷೋಕೇಸಿನಲ್ಲಿದ್ದ ಗೊಂಬೆ.