ಮೋಟಾರ ಸ್ಟ್ಯಾಂಡಿನ ಕಾಗೆ

ಮಥುರಾಬಾಯಿ ತೀರಿಕೊಂಡ ಸುದ್ದಿ ರಾಮದುರ್ಗದ ಹೊಳೆ ಓಣಿಯಲ್ಲಿ ಹರಡಿದ ದಿನ ಮನುಷ್ಯರೆಲ್ಲ ಬಂದರು. ನಾಯಿಗಳೂ ಬಂದು ಬಾಗಿಲಲ್ಲಿ ಕುಳಿತವು. ಕಾಗೆ ಮಾತ್ರ ಒಂದೂ ಬರಲಿಲ್ಲ. ಆ ದುಃಖದಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಗಮನಕ್ಕೆ ಬಂದದ್ದು ಹತ್ತನೆಯ ದಿನ, ಮಲಪ್ರಭೆಯ ದಂಡೆಯಲ್ಲಿ ಪಿಂಡ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತಾಗ.

ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಬಾಳಕೃಷ್ಣ ಮಾಸ್ತರ ಈ ಸೋದರತ್ತೆಯ ಕೈಯಲ್ಲೇ ಬೆಳೆದವನು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ಆದರೆ ಅತ್ತೆಗೆ ಶಾಂತಿ ಸಿಗಬೇಕೆಂಬಲ್ಲಿ ಅವನಿಗೆ ಬೇರೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ. ಬೋಳಿಸಿದ ತಲೆ ರೊಟ್ಟಿಯ ಹಂಚಿನಂತೆ ಕಾಯುತ್ತಿದ್ದರೂ ಕೈ ಜೋಡಿಸಿಕೊಂಡು ನಿಂತ.

ದಂಡೆಯ ಹುಣಸೆ ಮರವೇ ಓಣಿಯ ಕಾಗೆಗಳ ವಸತಿ. ಕೊಂಬೆ ತುಂಬ ಕುಳಿತು, ಹೊಸ ಇನ್ಸ್‌ಪೆಕ್ಟರನನ್ನು ಕಂಡ ಸಾಲೆಯ ಹುಡುಗರಂತೆ ಮಿಕಿಮಿಕಿ ನೋಡಿದವು. ಒಂದೂ ಇಳಿಯಲಿಲ್ಲ.

“ಆಸೆ ಉಳದದ,” ಎಂದರು ಪುರೋಹಿತ ತ್ರ್ಯಂಬಕಭಟ್ಟರು. “ಏನರ ಮಾತು ಕೊಡಪಾ.”

ಪಕ್ಕದ ಮನೆಯ ಕಮಲಾಬಾಯಿ ಇದಕ್ಕೇ ಕಾಯುತ್ತಿದ್ದಳು. “ಲಗ್ನ ಮಾಡ್ಕೋತೇನಿ ಅನ್ನೋ ಬಾಳ್ಯಾ! ಕಡೀ ತನಕಾ ಅದನ್ನ ಅಂತಿದ್ಲು.”

“ಮಾಡ್ಕೋತೇನಿ, ಅತ್ಯಾ,” ಎಂದ ಬಾಳಕೃಷ್ಣ.

ಕಾಗೆ ಇಳಿಯಲಿಲ್ಲ.

“ನಶ್ಯಾ ಬಿಡತೇನಿ ಅನ್ನು.”

ಅಂದ. ಆಗಲೂ ಇಳಿಯಲಿಲ್ಲ.

“ನಮ್ಮ ಗ್ವಾಡಿಗೆ ಹತ್ತಿದ ನಿಮ್ಮ ನುಗ್ಗಿ ಗಿಡಾ ಕಡಸ್ತೇನಿ ಅನ್ನು.”

“ಅದು ಅತ್ಯಾನ ಆಸೇನೋ, ನಿಮ್ಮ ಆಸೇನೋ?”

“ಸತ್ತವರ ಮುಂದ ವಾದಾ ಮಾಡಬ್ಯಾಡ. ಅನ್ನು!”

ಅಂದ. ಒಂದು ಕಾಗೆ ರೆಕ್ಕೆ ಕೆದರಿತು. ಎಲ್ಲರೂ ಉಸಿರು ಹಿಡಿದರು. ಅದು ಹಾರಿ ಇನ್ನೂ ಮೇಲಿನ ಕೊಂಬೆಗೆ ಹೋಗಿ ಕುಳಿತಿತು.

ಭಟ್ಟರ ಹೊಟ್ಟೆ ಗುರುಗುಟ್ಟುತ್ತಿತ್ತು. “ದರ್ಭೆದ ಕಾಗಿ ಮಾಡಿ ಮುಟ್ಟಿಸೋಣೇನು? ಹಂಗೂ ಮಾಡ್ತಾರ.”

“ಒಂದೊಂದು ಬದನಿಕಾಯಿನೂ ತಿರುವಿ ತಿರುವಿ ನೋಡಿ ತಗೊಳ್ಳಾಕಿ, ಹುಲ್ಲಿನ ಕಾಗಿಗೆ ಒಪ್ತಾಳೇನ್ರಿ?” ಎಂದಳು ಕಮಲಾಬಾಯಿ. ಬಾಳಕೃಷ್ಣನ ಮನಸ್ಸೂ ಒಪ್ಪಲಿಲ್ಲ.

ಅಷ್ಟರಲ್ಲಿ ಅವನ ಕಣ್ಣು ಜನರ ಹಿಂದೆ ನಿಂತಿದ್ದ ಜಟ್ಟೆಪ್ಪನ ಮೇಲೆ ಬಿತ್ತು. ಪ್ರತಿ ಬೇಸಿಗೆಯಲ್ಲೂ ಮಾಳಿಗೆಯ ಮೇಲೆ ಅತ್ತೆಯ ಸಂಡಿಗೆ ಒಣಗುತ್ತಿದ್ದಾಗ ಕವಣೆ ಹಿಡಿದು ಕಾಯುತ್ತಿದ್ದವನು ಅವನೇ. ಅವನ ಗುರಿ ತಪ್ಪಿದ್ದಿಲ್ಲ. ಕಲ್ಲು ಹೊಡೆದ ಪಾಪ ಜಟ್ಟೆಪ್ಪನಿಗೆ, ಉಳಿದ ಸಂಡಿಗೆ ಅತ್ತೆಗೆ ಎಂದು ಇಬ್ಬರಲ್ಲಿ ಒಪ್ಪಂದವಿತ್ತು.

“ಜಟ್ಟೆಪ್ಪಾ, ನೀ ಹೊಡೀತಿದ್ದದ್ದು ಯಾವ ಕಾಗಿಗೆ?”

“ಸನೇಕ ಬಂದದ್ದಕ್ಕರೀ. ದೂರ ಕುಂತದ್ದಕ್ಕ ಯಾಕ ಕಲ್ಲ ಕೆಡಸೂದು?”

ಬಾಳಕೃಷ್ಣ ಹಣೆ ಬಡಿದುಕೊಂಡ. “ತಿಳೀತು! ಒಂದ ಗೂಡಿನಾಗಿನ ಮರಿ ಎಲ್ಲಾ ಒಂದ ನಮೂನಿ ಇರೂದಿಲ್ಲ. ಒಂದು ಬಂಡ, ಒಂದು ಅಂಜುಬುರುಕ. ಬಂಡ ಇದ್ದದ್ದು ಸಂಡಿಗಿಗೆ ಬಂದು ಕಲ್ಲಿಗೆ ಸತ್ವು. ಅಂಜುಬುರುಕ ಉಳದು ಗೂಡು ಕಟ್ಟಿದ್ವು. ಅವಕ್ಕ ಅಂಜುಬುರುಕ ಮರಿ, ಆ ಮರಿಗೆ ಮತ್ತ ಅಂಜುಬುರುಕ ಮರಿ. ಅತ್ಯಾ ಕೂತಲ್ಲೇ ಕೂತು ಹೇಡಿ ಕಾಗೀದು ಒಂದು ವಂಶಾನ ಬೆಳಸ್ಯಾಳ! ಇದಕ್ಕ ನಿಸರ್ಗದ ಆಯ್ಕೆ ಅಂತಾರ.”

“ನಿಸರ್ಗದ್ದಲ್ಲರೀ, ಮಥುರಾಬಾಯಾರ ಆಯ್ಕಿ,” ಎಂದ ಜಟ್ಟೆಪ್ಪ.

“ಅಂದ್ರ ಆಕೀದು ಆಸೆ ಏನೂ ಉಳದಿಲ್ಲೇನು?” ಕಮಲಾಬಾಯಿಗೆ ನಿರಾಸೆಯಾಯಿತು. “ಆದ್ರ ನುಗ್ಗಿ ಗಿಡದ ಮಾತು ಮಾತ ಮತ್ತ!”

ಸುರೇಬಾನಕ್ಕೆ ಹೋಗುವ ಮೋಟಾರು ಬಸ್ಸು ನಡೆಸುವ ಯಾಕೂಬಸಾಬ ಅತ್ತೆಯ ಮೇಲಿನ ಗೌರವದಿಂದ ಬಂದು ದೂರ ನಿಂತಿದ್ದ. ಅವನು ಗಂಟಲು ಸರಿಮಾಡಿಕೊಂಡ. “ಮಾಸ್ತರ್ರ, ನಮ್ಮ ಸ್ಟ್ಯಾಂಡಿನ ಕಾಗಿ ಬ್ಯಾರೇನ ಅದಾವ. ಮಂದಿ ಬಾಯಾಗಿನ ಭಜಿ ಕಸಗೊಂಡು ಹೋಗ್ತಾವ. ಅಂಜಿದ್ದು ಅಲ್ಲಿ ಉಪಾಸ ಸಾಯ್ತೈತಿ.”

“ನೋಡ್ರಿ, ಅಲ್ಲಿ ಬಂಡ ಇದ್ದದ್ದ ಬದುಕಿ ಮರಿ ಮಾಡ್ತದ! ಸಾಬ, ನಿಮ್ಮ ಕಾಲಿಗೆ ಬೀಳ್ತೇನಿ, ಒಂದು ತರ್ರಿ.”

ಯಾಕೂಬಸಾಬ ಮೋಟಾರಿನಲ್ಲಿ ಹೋಗಿ ಮೋಟಾರಿನಲ್ಲೇ ಬಂದ. ಒಯ್ದ ಬುಟ್ಟಿ ಖಾಲಿ ಇತ್ತು. ಕಾಗೆ ಅವನ ರುಮಾಲಿನ ಮೇಲೆ ಕುಳಿತಿತ್ತು.

“ಹಿಡಿಯೂ ಕೆಲಸಾನ ಬೀಳ್ಲಿಲ್ಲರೀ. ಭಜಿ ತೋರಿಸಿದ್ನಿ, ತಾನ ಗಾಡಿ ಹತ್ತಿ ಕುಂತಿತು.”

ಕಾಗೆ ಕೆಳಗೆ ಹಾರಿತು. ಮಂತ್ರಕ್ಕೂ ಕಾಯಲಿಲ್ಲ. ಮಾವನ ಮನೆಗೆ ಬಂದ ಅಳಿಯನ ಹಾಗೆ ಪಿಂಡದ ಮುಂದೆ ಕುಳಿತು ತಿಂದಿತು. ಹೆಂಗಸರು ಕಣ್ಣೊರೆಸಿಕೊಂಡರು. ಬಾಳಕೃಷ್ಣ ಮರಳಿನ ಮೇಲೆ ಅಡ್ಡಬಿದ್ದ.

“ತೃಪ್ತಳಾದ್ಲು!” ಎಂದರು ಭಟ್ಟರು. “ಈಗ ಕಾಗಿ ಹಾರಿ ಹೋಗ್ತದ. ಅದರ ಕೂಡ ಆಕೀನೂ ಹೋದ್ಲು ಅಂತ ತಿಳೀರಿ.”

ಕಾಗೆ ಹಾರಲಿಲ್ಲ. ಭಟ್ಟರ ಧೋತರಕ್ಕೆ ಕೊಕ್ಕು ಒರೆಸಿತು. ಅಲ್ಲಿಂದ ಜಿಗಿದು ಬಾಳಕೃಷ್ಣನ ಹೆಗಲೇರಿ, ಅವನ ಬೋಳುತಲೆಯನ್ನು ಒಮ್ಮೆ ಕುಟುಕಿ ನೋಡಿತು. ಎಲ್ಲರೂ ಹುಶ್ ಎಂದರು, ಚಪ್ಪಾಳೆ ತಟ್ಟಿದರು, ನೀರು ಎರಚಿದರು. ಅದು ಸ್ನಾನ ಮಾಡಿಕೊಂಡಿತು. ಜಟ್ಟೆಪ್ಪ ಕೈಯೆತ್ತಿ ಬೆದರಿಸಿದರೆ, ಭಜಿ ಇದೆಯೇನೋ ಎಂದು ಅವನ ಕೈಯನ್ನೇ ನೋಡಿತು.

ಭಟ್ಟರ ಮುಖ ಇಳಿಯಿತು. “ಇದು ನಡಿಯೂದಿಲ್ಲಪಾ. ಮುಟ್ಟಿದ ಕಾಗಿ ಹೋಗ್ಲಿಕ್ಕೇ ಬೇಕು. ಅದು ಹೋಗಲಿಲ್ಲ ಅಂದ್ರ ಜೀವಾ ಇಲ್ಲೇ ಅದ. ನಾಳಿಗೆ ಮತ್ತ ಪಿಂಡಾ ಇಡೂದ. ಅಂಜದ ಬಂದು, ಅಂಜಿ ಹಾರಿ ಹೋಗೋ ಅಂಥಾ ಕಾಗಿ ನೋಡು.”

ಬಾಳಕೃಷ್ಣ ಮರದ ಕಡೆ ನೋಡಿದ, ಹೆಗಲ ಕಡೆ ನೋಡಿದ. ಅಂಜುವ ಕಾಗೆ ಬರುವುದಿಲ್ಲ, ಅಂಜದ ಕಾಗೆ ಹೋಗುವುದಿಲ್ಲ. ನಡುವಿನ ಕಾಗೆ ರಾಮದುರ್ಗದಲ್ಲಿ ಹುಟ್ಟಿರಲಿಲ್ಲ. ಅದು ಹುಟ್ಟಲು ಎಷ್ಟು ತಲೆಮಾರು ಬೇಕೆಂದು ತಿಳಿದವನು ಅಲ್ಲಿ ಅವನೊಬ್ಬನೇ.

ಹೊಳೆಯ ಕಡೆ ತಿರುಗಿ ಮತ್ತೆ ಕೈ ಜೋಡಿಸಿದ.

“ನಾರಾಯಣಾ, ಕಾಗೀ ಸಾಕ್ಷಿ ನೋಡಬ್ಯಾಡಪಾ. ಆಕಿ ಜೀವಮಾನದಾಗ ಒಂದು ಮಧ್ಯಾಹ್ನನೂ ಅಡ್ಡಾದಾಕಿ ಅಲ್ಲ. ನಿನ್ನ ಪಾದದ ಹತ್ರ ಒಂದಿಷ್ಟು ನೆರಳು ಕೊಡು. ನಮ್ಮ ಅತ್ಯಾಗ ಶಾಂತಿ ಕೊಡು.”