ಹಾರಿದ ಲಾರಿಯ ಕುರಿತು ನಮ್ಮ ಮನೆಯ ಕಂಪ್ಯೂಟರಿಗೊಂದು ಬಿನ್ನಹ

ಮಾನ್ಯ ಕಂಪ್ಯೂಟರ್ ಮಹಾಶಯರೇ,

ಹಜಾರದ ಮೂಲೆಯ ಮೇಜಿನ ಮೇಲೆ ಮೌಸು, ಕೀಬೋರ್ಡು ಮತ್ತು ಧೂಳಿನ ಸಮೇತ ಸಪರಿವಾರ ವಿರಾಜಮಾನರಾಗಿರುವ ತಮ್ಮ ರಬ್ಬರ್ ಪಾದಗಳಿಗೆ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವೆಲ್ಲ ಕ್ಷೇಮ. ತಾವು ಮಾತ್ರ ಕೊಂಚ ಬಿಸಿಯಾಗಿದ್ದೀರಿ. ತಮ್ಮ ಫ್ಯಾನಿನ ಸದ್ದು ಕೇಳಿ ಪಕ್ಕದ ಮನೆಯವರು "ಹಿಟ್ಟಿನ ಗಿರಣಿ ಇಟ್ರಾ?" ಎಂದು ವಿಚಾರಿಸಿಕೊಂಡು ಹೋದರು.

ನನ್ನ ಅತ್ತೆಯವರನ್ನು ತಾವು ಬಲ್ಲಿರಿ. ಡ್ರೈವಿಂಗ್ ಶಾಲೆಯಲ್ಲಿ ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿ ನಿವೃತ್ತರಾದ ಅವರು, ಈಗ ತಮ್ಮ ಪರದೆಯ ಮೇಲೆ ಲಾರಿ ಓಡಿಸುವ ಆಟ ಆಡುತ್ತಾರೆ. ಉದ್ದನೆಯ ಟ್ರೇಲರನ್ನು ಕಿಷ್ಕಿಂಧೆಯಂಥ ಗೋದಾಮಿನೊಳಗೆ, ಗೋಡೆಗೆ ತಾಗಿಸದೆ, ಒಂದೇ ಸಲಕ್ಕೆ ರಿವರ್ಸ್ ಹಾಕುವುದು ಆ ಆಟದ ಕಟ್ಟಕಡೆಯ ಪರೀಕ್ಷೆ. ಅತ್ತೆಯವರು ಅದನ್ನು ಗೆದ್ದರು. ಅದೇ ಆಟದಲ್ಲಿ ಇನ್ನೂ ಗೋಡೆ ಕೆರೆಯುತ್ತಿರುವ ಅವರ ನಾದಿನಿಗೆ, ಅಂದರೆ ನನ್ನ ಹೆಂಡತಿಯ ಸೋದರತ್ತೆಗೆ, ವಿಡಿಯೊ ಕಳಿಸಿದೆವು. ಆಟ ನಡೆಯುತ್ತಿದ್ದಂತೆಯೇ ತಾವು ರೆಕಾರ್ಡ್ ಮಾಡಿ ದಯಪಾಲಿಸಿದ ಆ ವಿಡಿಯೊದಲ್ಲಿ ಲಾರಿ ಒಂದು ಕ್ಷಣ ಗೋದಾಮಿನ ಹೊರಗೆ, ಮರುಕ್ಷಣ ಒಳಗೆ. ನಡುವಿನದ್ದನ್ನೆಲ್ಲ ತಾವು ನೀರು ಕುಡಿಯದೆ ನುಂಗಿಬಿಟ್ಟಿದ್ದಿರಿ. "ಅತ್ತಿಗೆ, ಇದು ರಿವರ್ಸ್ ಹಾಕಿದ್ದೋ, ಕೈಯಲ್ಲಿ ಎತ್ತಿ ಇಟ್ಟಿದ್ದೋ?" ಎಂದು ನಾದಿನಿಯವರಿಂದ ಉತ್ತರ ಬಂತು. ಡ್ರೈವಿಂಗ್ ಶಾಲೆಯಲ್ಲಿ ಸ್ವಂತ ತಮ್ಮನನ್ನೇ "ಇನ್ನೂ ಬರಲ್ಲ ನಿಂಗೆ, ಇಳಿ" ಎಂದು ಸ್ಟೀರಿಂಗಿನಿಂದ ಎಬ್ಬಿಸಿದ ಅತ್ತೆಯವರ ಮೇಲೆ ಹೀಗೆ ಕಳ್ಳಾಟದ ಆರೋಪ ಬಂದುಬಿಟ್ಟಿತು. ಅಂದಿನಿಂದ ಅವರು ನಾದಿನಿಯ ಹೆಸರೆತ್ತಿದರೆ ಪಾತ್ರೆಗಳನ್ನು ಜೋರಾಗಿ ಜೋಡಿಸುತ್ತಾರೆ.

ಮಾನ ಉಳಿಸಲು ನಾನು ತಮ್ಮ ಸೆಟ್ಟಿಂಗ್ಸ್ ಪುಟಕ್ಕೆ ಶರಣಾದೆ. ಒಳ್ಳೆಯದಿರುವಾಗ ಕಡಿಮೆಯದ್ದು ಯಾಕೆಂದು ಎಲ್ಲವನ್ನೂ 'ಅತ್ಯುತ್ತಮ'ಕ್ಕೆ ಏರಿಸಿದೆ. ತಾವು ಮೂರ್ಛೆ ಹೋದಿರಿ. ತಮ್ಮ ಆಯಾಸ ಕಂಡು ಕರುಳು ಚುರ್ರೆಂದು ಎಲ್ಲವನ್ನೂ 'ಕನಿಷ್ಠ'ಕ್ಕೆ ಇಳಿಸಿದೆ. ಮರಗಳು ಹಸಿರು ಡಬ್ಬಿಗಳಾದವು, ಗೋದಾಮು ಬೂದಿ ಬಣ್ಣದ ಚೌಕವಾಯಿತು. ಆ ವಿಡಿಯೊವನ್ನೂ ಕಳಿಸಿದೆವು. "ಅತ್ತಿಗೆ, ಬೆಂಕಿಪೊಟ್ಟಣದೊಳಗೆ ಸೋಪು ಯಾಕೆ ತಳ್ತಿದೀರ?" ಎಂಬ ಇನ್ನೊಂದು ಸಂದೇಶ ಬಂತು. ಪಾತ್ರೆಗಳು ಮತ್ತೆ ಸದ್ದು ಮಾಡಿದವು.

ಕೊನೆಗೆ ತಮ್ಮ ಸಂಸಾರದ ಗುಟ್ಟು ಬಯಲಾಯಿತು. ಆಟ ನಡೆಸುವ ಪ್ರೊಸೆಸರಿನ ತಲೆಗೇ ವಿಡಿಯೊ ಮಾಡುವ ಹೊರೆಯನ್ನೂ ಕಟ್ಟಿದ್ದಿರಿ. ಆ ಕೆಲಸಕ್ಕೆಂದೇ ಗ್ರಾಫಿಕ್ಸ್ ಕಾರ್ಡಿನೊಳಗೆ ಇರುವ ಒಂದು ಭಾಗ ಮಾತ್ರ ಮದುವೆಗೆ ಬಂದ ಬೀಗರಂತೆ ಕಾಲು ಚಾಚಿ ಕುಳಿತಿತ್ತು. ಅದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿದೆ. ಆಟಕ್ಕೂ ವಿಡಿಯೊಗೂ ಸೆಕೆಂಡಿಗೆ ಅರವತ್ತೇ ಚಿತ್ರವೆಂದು ಒಂದೇ ಅಳತೆ ಗೊತ್ತುಮಾಡಿ, ನೆರಳುಗಳನ್ನಷ್ಟೇ ತೆಳುಗೊಳಿಸಿದೆ. ಆಹಾ! ಪರೀಕ್ಷಾರ್ಥ ವಿಡಿಯೊದಲ್ಲಿ ಲಾರಿ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು.

ಆ ಮಹಾದಿನ ಅತ್ತೆಯವರು ಕನ್ನಡಕ ಒರೆಸಿ, "ಉಸಿರು ಬಿಟ್ಟೀರ ಜೋಕೆ" ಎಂದು ನಮ್ಮನ್ನು ಎಚ್ಚರಿಸಿ ಕುಳಿತರು. ರೆಕಾರ್ಡಿಂಗ್ ಶುರುವಾಗಲೆಂದು ನಾನು ಕೀಲಿ ಒತ್ತಿದೆ. ನನ್ನ ಮರೆವಿನ ಮೇಲೆ ಅಚಲ ನಂಬಿಕೆಯಿರುವ ನನ್ನ ಹೆಂಡತಿ, ಯಾವುದಕ್ಕೂ ಇರಲಿ ಎಂದು ತಾನೂ ಒಮ್ಮೆ ಒತ್ತಿದಳು. ಶುರುವಿಗೂ ನಿಲುಗಡೆಗೂ ಒಂದೇ ಕೀಲಿ ಇಟ್ಟಿರುವ ತಮ್ಮ ಮಿತವ್ಯಯವನ್ನು ಎಷ್ಟು ಹೊಗಳಿದರೂ ಸಾಲದು. ಅತ್ತೆಯವರು ಜನ್ಮದಲ್ಲೇ ಶ್ರೇಷ್ಠವಾದ ರಿವರ್ಸ್ ಹಾಕಿದರು, ತಾವು ನಿದ್ದೆಯಲ್ಲಿದ್ದಿರಿ. ಮುಗಿಯಿತೆಂದು ನಾನು ಮತ್ತೆ ಒತ್ತಿದೆ, ತಾವು ಎಚ್ಚರಗೊಂಡಿರಿ.

"ನೋಡೋದೇನಿದೆ, ಮೊದಲು ಕಳಿಸು" ಎಂದು ಅತ್ತೆಯವರು ಅವಸರಪಡಿಸಿದ್ದರಿಂದ ಸಿಕ್ಕಿದ್ದನ್ನು ಹಾಗೇ ಕಳಿಸಿದೆವು. ಅದರಲ್ಲಿದ್ದದ್ದು ಗೋದಾಮಿನೊಳಗೆ ತೆಪ್ಪಗೆ ನಿಂತ ಲಾರಿ, ಹಿನ್ನೆಲೆಯಲ್ಲಿ, ಮೈಕಿನ ಕೃಪೆಯಿಂದ, ಅತ್ತೆಯವರ ವಿಜಯ ಭಾಷಣ: "ಅವಳಿಗೆ ಸೈಕಲ್ ಸ್ಟ್ಯಾಂಡ್ ಹಾಕೋಕೆ ಬರಲ್ಲ, ನನಗೆ ಹೇಳೋಕೆ ಬರ್ತಾಳೆ!" ನಾದಿನಿಯವರ ಉತ್ತರ ಸೌಜನ್ಯಪೂರ್ಣವಾಗಿತ್ತು: "ಅತ್ತಿಗೆ, ಈ ಸಲ ಎಲ್ಲೂ ಕಡಿದಿಲ್ಲ, ಒಂದೊಂದು ಮಾತೂ ಸ್ಪಷ್ಟ. ಭಾನುವಾರ ಬರ್ತೀನಿ. ನನ್ನ ಕಣ್ಣೆದುರೇ ಹಾಕಿ ತೋರಿಸಿ."

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಭಾನುವಾರ ತಾವು ತಣ್ಣಗಿರಬೇಕು, ಅಪ್‌ಡೇಟು ಗಿಪ್‌ಡೇಟು ಎಂದು ನೆಪ ತೆಗೆಯಬಾರದು, ಸಾಧ್ಯವಾದರೆ ಅತ್ತಿಗೆ-ನಾದಿನಿಯರ ಮಾತಿಗೂ ಸೆಕೆಂಡಿಗೆ ಇಷ್ಟೇ ಎಂದು ಮಿತಿ ಹಾಕುವ ಸೆಟ್ಟಿಂಗೊಂದನ್ನು ಕರುಣಿಸಬೇಕು. ಹೆಂಡತಿಯರ ಬೆರಳಿಗೂ ಅದು ಅನ್ವಯಿಸುವುದಾದರೆ ಆಜನ್ಮ ಋಣಿ.

ಇಂತು ತಮ್ಮ ಬಿಸಿಗಾಳಿಯಲ್ಲೇ ಬೆವರೊರೆಸಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ,
ಲಾರಿ ಮಾಲಕಿಯ ಅಳಿಯ

ಮರೆತ ಮಾತು: ಪತ್ರವನ್ನು ತಮ್ಮ ಪರದೆಗೆ ಅಂಟಿಸುವಷ್ಟರಲ್ಲಿ ಭಾನುವಾರ ಬಂದು ಹೋಯಿತು. ಅತ್ತೆಯವರು ನಾದಿನಿಯ ಕಣ್ಣೆದುರೇ, ಒಂದೇ ಸಲಕ್ಕೆ, ಗೋಡೆಗೆ ಗಾಳಿಯೂ ತಾಗದಂತೆ ಲಾರಿ ಹಾಕಿದರು. ನಾದಿನಿಯವರು ಪರದೆಯ ಹತ್ತಿರ ಬಗ್ಗಿ ಗೋಡೆಗಳನ್ನೆಲ್ಲ ಪರೀಕ್ಷಿಸಿ, "ಒಪ್ಪಿದೆ ಅತ್ತಿಗೆ" ಎಂದರು. ಆ ಹೊತ್ತಿಗೆ ತಾವು ತಣ್ಣಗೆ, ನಯವಾಗಿ, ಹೂವಿನಂತೆ ನಡೆದುಕೊಂಡಿರಿ. ಕೀಲಿಯನ್ನು ಮಾತ್ರ ಯಾರೂ ಒತ್ತಿರಲಿಲ್ಲ. ಈ ಸಲ ಹೆಂಡತಿಯೇ ಒತ್ತಲಿ ಎಂದು ನಾನೂ, ಗಂಡನೇ ಒತ್ತಲಿ ಎಂದು ಅವಳೂ ಮರ್ಯಾದೆ ಕೊಟ್ಟುಕೊಂಡಿದ್ದೆವು. ಈಗ ನಾದಿನಿಯವರು ಮನೆಗೆ ಹೋಗಿ, ಅತ್ತಿಗೆ ಲಾರಿ ಹಾಕಿದ್ದನ್ನು ಕಣ್ಣಾರೆ ಕಂಡೆನೆಂದು ಎಷ್ಟು ಆಣೆ ಇಟ್ಟರೂ ಅಲ್ಲಿ ಯಾರೂ ನಂಬುತ್ತಿಲ್ಲವಂತೆ. ದಿನವೂ ಫೋನ್ ಮಾಡಿ ಕೇಳುತ್ತಾರೆ: "ವಿಡಿಯೊ ಎಲ್ಲಿ?"